ಅರವತ್ತಮೂರು ಮಂದಿ ನೋಡುತ್ತಿದ್ದಾರೆ

"ಸುಳ್ಳು ಹೇಳೋದಾದ್ರೆ ಪೂರ್ತಿ ಹೇಳಿಬಿಡಿ ಮೇಷ್ಟ್ರೇ. ಅರ್ಧಂಬರ್ಧ ಹೇಳಿದ್ರೆ ನಿಮಗೂ ಕಷ್ಟ, ನನಗೂ ತಲೆನೋವು."

ಇನ್‌ಸ್ಪೆಕ್ಟರ್ ಹಾಗೆಂದು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. ಗಾಜಿನ ಗೋಡೆಯ ಪುಟ್ಟ ಕೋಣೆ ಅದು. ಮೂರು ಕುರ್ಚಿ, ಒಂದು ಮೇಜು, ಮೇಜಿನ ಮೇಲೆ ಕಣ್ಣೊರೆಸಿಕೊಳ್ಳುವ ಕಾಗದದ ಡಬ್ಬಿ. ಕೆಲಸ ಮಾಡುತ್ತ ಮಾಡುತ್ತ ಅಳು ಬಂದವರು ಬಂದು ಅತ್ತು ಹೋಗಲಿ ಅಂತ ಕಂಪನಿ ಕಟ್ಟಿಸಿಕೊಟ್ಟದ್ದಂತೆ. ಒಬ್ಬರಿಗೆ ಹತ್ತು ನಿಮಿಷ ಮಾತ್ರ ಅಂತ ಬಾಗಿಲಿಗೆ ಚೀಟಿ ಬೇರೆ ಅಂಟಿಸಿದ್ದರು. ಪುಣ್ಯಾತ್ಮರು, ಅಳುವುದಕ್ಕೂ ಗಡಿಯಾರ ಇಟ್ಟಿದ್ದಾರಲ್ಲ!

"ನಾನ್ಯಾಕೆ ಸುಳ್ಳು ಹೇಳ್ಲಿ ಮೇಡಂ," ಅಂದರು ಮೇಷ್ಟ್ರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಕೋಣೆಯೊಳಗೆ ಬಂದಾಗಿನಿಂದ ಇದು ನಾಲ್ಕನೇ ಸಲ.

ಅವರೇನೂ ಪಾಠ ಹೇಳುವ ಮೇಷ್ಟ್ರಲ್ಲ. ಇಪ್ಪತ್ತೆರಡು ವರ್ಷ ಒಂದು ಪತ್ರಿಕೆಯಲ್ಲಿ ಕರಡಚ್ಚು ತಿದ್ದಿದವರು. ಪತ್ರಿಕೆ ಬಾಗಿಲು ಹಾಕಿದ ಮೇಲೆ ಇಲ್ಲಿಗೆ ಬಂದು, ಜನ ಇಂಟರ್‌ನೆಟ್ಟಿಗೆ ಹಾಕಿದ್ದನ್ನೆಲ್ಲ ನೋಡಿ ಇದು ಇರಲಿ, ಇದು ಹೋಗಲಿ ಅಂತ ಗುಂಡಿ ಒತ್ತುವ ಕೆಲಸಕ್ಕೆ ಕೂತಿದ್ದರು. ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯರು, ಕೂತಲ್ಲಿ ನಿಂತಲ್ಲಿ ಬುದ್ಧಿ ಹೇಳುವವರು. ಹಾಗಾಗಿ ಆ ಹೆಸರು ಬಿದ್ದಿತ್ತು.

ಗೋಡೆಯ ಗಡಿಯಾರ ಮೂರೂ ಇಪ್ಪತ್ತು ತೋರಿಸುತ್ತಿತ್ತು. ನಾಲ್ಕು ಗಂಟೆಯೊಳಗೆ ಈ ಮನುಷ್ಯ ಬಾಯಿ ಬಿಡದಿದ್ದರೆ ಅರ್ಜಿಯಮ್ಮನನ್ನು ಹುಡುಕುವುದಕ್ಕೆ ಇದ್ದ ಒಂದೇ ದಾರಿಯೂ ಮುಚ್ಚಿಹೋಗುತ್ತಿತ್ತು.

ಅರ್ಜಿಯಮ್ಮ ಕಾಣೆಯಾಗಿ ಇವತ್ತಿಗೆ ನಾಲ್ಕು ದಿನ. ಸರ್ಕಾರಿ ಕಚೇರಿಯ ಮೆಟ್ಟಿಲ ಪಕ್ಕ ಮೇಜು ಹಾಕಿಕೊಂಡು, ಬರೆಯಲು ಬಾರದವರಿಗೆ ಅರ್ಜಿ ಬರೆದುಕೊಡುತ್ತಿದ್ದ ಹೆಂಗಸು ಅವಳು. ಅರ್ಜಿಗೆ ಉತ್ತರ ಬಾರದಿದ್ದರೆ ಸುಮ್ಮನಿರುವ ಜಾಯಮಾನವಲ್ಲ. ಫೋನು ಎದುರಿಗೆ ನಿಲ್ಲಿಸಿಕೊಂಡು ಆ ಅರ್ಜಿಯನ್ನು ಊರಿಗೆಲ್ಲ ಕೇಳುವಂತೆ ಓದುತ್ತಿದ್ದಳು. ಬರುವ ಭಾನುವಾರ ಮತದಾನ. ಅವಳ ಓಣಿಯ ಸುತ್ತಮುತ್ತ ನಾನೂರು ಚಿಲ್ಲರೆ ಜನರ ಹೆಸರು ಮತದಾರರ ಪಟ್ಟಿಯಿಂದ ಇದ್ದಕ್ಕಿದ್ದಂತೆ ಮಾಯವಾಗಿತ್ತು. ಅದರ ಜಾಡು ಹಿಡಿದು ಹೊರಟವಳು ಗುರುವಾರ ಮಧ್ಯಾಹ್ನ ನಾಲ್ಕಕ್ಕೆ ಎಲ್ಲಿಂದಲೋ ನೇರ ಪ್ರಸಾರ ಶುರು ಮಾಡಿದಳು. ಏಳು ನಿಮಿಷಕ್ಕೆ ಪ್ರಸಾರ ಪಟ್ಟನೆ ನಿಂತಿತು. ಆಮೇಲೆ ಅವಳನ್ನು ಕಂಡವರಿಲ್ಲ.

ನಿಲ್ಲಿಸಿದ್ದು ಈ ಕಟ್ಟಡದಲ್ಲಿ, ಹದಿನಾಲ್ಕನೇ ಕುರ್ಚಿಯಲ್ಲಿ ಕೂತ ಯಾರೋ. ಅಷ್ಟು ಮಾತ್ರ ಗೊತ್ತಾಗಿತ್ತು. ಆ ಕುರ್ಚಿಗೆ ಪಾಳಿಯ ಮೇಲೆ ಮೂವರು ಕೂರುತ್ತಾರೆ. ಒಬ್ಬರು ಎದ್ದು ಹೋದಾಗ ಇನ್ನೊಬ್ಬರು ಕೂತುಬಿಡುವುದೂ ಉಂಟು. ಉಳಿದಿಬ್ಬರನ್ನು ಬೆಳಿಗ್ಗೆಯೇ ವಿಚಾರಿಸಿ ಆಗಿತ್ತು. ಗುರುವಾರ ಅವರಿಬ್ಬರೂ ರಜೆ.

ಕೋರ್ಟಿನ ಆದೇಶವೇನೋ ಇನ್‌ಸ್ಪೆಕ್ಟರ್ ಕೈಯಲ್ಲಿತ್ತು. ಆದರೆ ಕಂಪನಿಯವರ ಗೊಡ್ಡು ನಿಯಮ ನೋಡಿ: ತೆಗೆದುಹಾಕಿದ ಲಕ್ಷಾಂತರ ಚಿತ್ರಗಳಲ್ಲಿ ಒಂದನ್ನು ಹುಡುಕಬೇಕಾದರೆ ಅದರ ಸಂಖ್ಯೆ ಬೇಕು. ಆ ಸಂಖ್ಯೆ ತೆಗೆದವರ ಸ್ವಂತ ಪಟ್ಟಿಯಲ್ಲಿ ಮಾತ್ರ ಇರುತ್ತದೆ. ಪಟ್ಟಿಯನ್ನು ಅವರೇ ತಮ್ಮ ಗುಟ್ಟಿನ ಪದ ಹಾಕಿ ತೆರೆಯಬೇಕು. ತೆಗೆದದ್ದರ ಪ್ರತಿ ನಾಲ್ಕು ದಿನ ಇರುತ್ತದೆ, ಆಮೇಲೆ ತಾನಾಗಿಯೇ ಅಳಿಸಿಹೋಗುತ್ತದೆ.

"ಸಿಕ್ಕೇ ಸಿಗ್ತಾರೆ ಬಿಡಿ ಮೇಡಂ," ಅಂದ ಬಾಗಿಲಿಗೆ ಒರಗಿ ನಿಂತಿದ್ದ ದಫೇದಾರ. "ಅರ್ಜಿಯಮ್ಮ ಗಟ್ಟಿಗಿತ್ತಿ. ಏನೂ ಆಗಿರಲ್ಲ."

ಇನ್‌ಸ್ಪೆಕ್ಟರ್‌ಗೆ ಮೈಯೆಲ್ಲ ಉರಿಯಿತು. ನಾಲ್ಕು ದಿನದಿಂದ ಇವನದು ಇದೇ ರಾಗ. ಹನ್ನೊಂದು ವರ್ಷದಿಂದ ಜೊತೆಗಿರುವ ಮನುಷ್ಯ, ನಿವೃತ್ತಿಗೆ ಆರು ತಿಂಗಳಿದೆ, ಒಳ್ಳೆಯವನು. ಆದರೆ ಈ ಸಲ ಎಲ್ಲಿಲ್ಲದ ಗೆಲುವು.

"ನೀವು ಸ್ವಲ್ಪ ಬಾಯಿ ಮುಚ್ಕೊಂಡಿರ್ತೀರಾ ದಫೇದಾರ್ರೇ?"

"ಆಯ್ತು ಮೇಡಂ."

ಆಕೆ ಗಾಜಿನಾಚೆಗೆ ನೋಡಿದಳು. ಉದ್ದನೆಯ ಹಜಾರ. ಸಾಲು ಸಾಲು ಮೇಜು, ಸಾಲು ಸಾಲು ತಲೆ. ಪರದೆಗಳ ಮೇಲೆ ಜಗತ್ತಿನ ಹೊಡೆದಾಟ, ಬೈದಾಟ, ಅಳು, ಭಾಷಣ ಎಲ್ಲ ಓಡುತ್ತಿತ್ತು. ಒಂದೇ ಒಂದು ಸದ್ದಿಲ್ಲ. ಯಾವ ಪರದೆಯಲ್ಲೂ ಬಣ್ಣವಿಲ್ಲ.

"ಇದೇನಮ್ಮ, ಎಲ್ಲ ಹಳೇ ಕಾಲದ ಟೀವಿ ತರ ಇದೆ?" ಅಂತ ಆಕೆ ಪಕ್ಕದಲ್ಲಿದ್ದ ಮೇಲ್ವಿಚಾರಕಿಯನ್ನು ಕೇಳಿದಳು. ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡಿದ್ದ ಆ ಹುಡುಗಿಗೆ ಇಪ್ಪತ್ತೆಂಟು ಇದ್ದರೆ ಹೆಚ್ಚು.

"ಬಣ್ಣ ತೆಗೆದಿರ್ತೀವಿ ಮೇಡಂ. ರಕ್ತ ಕೆಂಪಗೆ ಕಂಡ್ರೆ ಇವರಿಗೆ ನಿದ್ದೆ ಬರಲ್ಲ. ದನಿನೂ ಇರಲ್ಲ. ಕಿರುಚಾಟ ಕೇಳಿ ಕೇಳಿ ಇಬ್ಬರು ಕೆಲಸ ಬಿಟ್ಟು ಹೋದ್ರು, ಆಮೇಲೆ ನಿಲ್ಲಿಸಿದ್ವಿ. ಮಾತಿದ್ರೆ ಕೆಳಗೆ ಅಕ್ಷರದಲ್ಲಿ ಬರುತ್ತೆ."

"ನೇರ ಪ್ರಸಾರಕ್ಕೂ ಬರುತ್ತಾ?"

"ಅದಕ್ಕೆ ಬರಲ್ಲ. ಅಷ್ಟು ಬೇಗ ಅಕ್ಷರ ಮಾಡೋಕೆ ಯಂತ್ರಕ್ಕೂ ಆಗಲ್ಲ."

ಇನ್‌ಸ್ಪೆಕ್ಟರ್ ಹೂಂ ಅಂದು ಮೇಷ್ಟ್ರ ಕಡೆಗೆ ತಿರುಗಿದಳು.

"ಮತ್ತೆ ಮೊದಲಿಂದ ಹೇಳಿ. ಗುರುವಾರ ನಾಲ್ಕು ಗಂಟೆಗೆ ಎಲ್ಲಿದ್ರಿ?"

"ಬಿಡುವಿಗೆ ಹೋಗಿದ್ದೆ. ಕೆಳಗೆ, ಗೇಟಿನ ಹತ್ರ. ಆಗಲೇ ಹೇಳಿದ್ನಲ್ಲ."

"ನೋಡಿದೋರು ಯಾರು?"

"ಯಾರೂ ಇರ್ಲಿಲ್ಲ. ಆದ್ರೆ ಅಲ್ಲಿದ್ದೆ ಅನ್ನೋದಕ್ಕೆ ಗುರುತು ಹೇಳ್ತೀನಿ ಮೇಡಂ. ಆ ಹೊತ್ತಿಗೆ ಅರ್ಜಿಯಮ್ಮನ ಪ್ರಸಾರ ಬಂತು. ನನ್ನ ಸ್ವಂತ ಫೋನಲ್ಲಿ ನೋಡ್ತಾ ನಿಂತಿದ್ದೆ. ಒಳಗೆ ಫೋನು ತರೋ ಹಾಗಿಲ್ಲ, ಅದು ನಿಮಗೂ ಗೊತ್ತು. ಹೊರಗಿಲ್ದೇ ಇದ್ದಿದ್ರೆ ಹೇಗೆ ನೋಡ್ತಿದ್ದೆ?"

ಮಾತು ಸರಿಯಾಗಿಯೇ ಇತ್ತು. ಬಹಳ ಯೋಚಿಸಿ ಹೊಂದಿಸಿಟ್ಟುಕೊಂಡದ್ದೂ ಸರಿಯೇ.

"ಭೇಷ್. ಹಾಗಾದ್ರೆ ಏನೇನು ಕಾಣ್ತು?"

ಮೇಷ್ಟ್ರು ಕಣ್ಣು ಮುಚ್ಚಿದರು. ಇಪ್ಪತ್ತೆರಡು ವರ್ಷ ಅಕ್ಷರ ಅಕ್ಷರ ನೋಡಿದ ಕಣ್ಣು, ಒಮ್ಮೆ ಕಂಡದ್ದನ್ನು ಬಿಡುವುದಿಲ್ಲ. "ಒಂದು ರೂಮು. ಹಿಂದೆ ಗೋಡೆಗೆ ಕಬ್ಬಿಣದ ಕಪಾಟು, ಅದರ ಒಂದು ಬಾಗಿಲು ಸೊಟ್ಟ. ಎಡಗಡೆ ಕಿಟಕಿ, ಸರಳು ಇರೋದು. ಮೇಜಿನ ಮೇಲೆ ಅರ್ಜಿ ನಮೂನೆಗಳ ಕಟ್ಟು. ಒಂದೊಂದೇ ಎತ್ತಿ ತೋರಿಸ್ತಿದ್ರು. ಬೂದು ಬಣ್ಣದ ಸ್ವೆಟರ್ ಹಾಕ್ಕೊಂಡಿದ್ರು. ತೋಳು ಮೊಣಕೈವರೆಗೆ ಮಡಿಚಿತ್ತು."

"ಏನು ಹೇಳ್ತಿದ್ಳು?"

"ಹೆಸರುಗಳು ಓದ್ತಿದ್ರು ಅಂತ ಕಾಣುತ್ತೆ."

"ಕಾಣುತ್ತೆ? ಕೇಳಿಸ್ಲಿಲ್ವಾ?"

"ರಸ್ತೇಲಿ ಗಲಾಟೆ ಇತ್ತು ಮೇಡಂ."

ಇನ್‌ಸ್ಪೆಕ್ಟರ್ ಜೇಬಿಗೆ ಕೈ ಹಾಕಿದಳು. ನಾಲ್ಕು ದಿನದಿಂದ ಬೆಳಿಗ್ಗೆ ಠಾಣೆ ಬಾಗಿಲು ತೆಗೆಯುವ ಮೊದಲೇ ಬಂದು ಕೂರುವವಳು ಅರ್ಜಿಯಮ್ಮನ ಅಕ್ಕ. ದರ್ಜಿ ಕೆಲಸದವಳು, ಮಾತು ಕಡಿಮೆ. ಇವತ್ತು ಬೆಳಿಗ್ಗೆ ಉಣ್ಣೆಯ ಒಂದು ತುಂಡು ತಂದು ಕೈಗಿಟ್ಟಿದ್ದಳು. "ಹೋಗೋವಾಗ ಇದೇ ಉಣ್ಣೇದು ಹಾಕ್ಕೊಂಡಿದ್ಳು ಮೇಡಂ, ನಾನೇ ಹೆಣೆದದ್ದು. ಎಲ್ಲಾದ್ರೂ... ಸಿಕ್ಕಿದ್ರೆ... ಗುರುತಿಗೆ," ಅಂದು ಮುಂದೆ ಹೇಳಲಾಗದೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಆಕೆ ಆ ತುಂಡನ್ನು ಮೇಜಿನ ಮೇಲಿಟ್ಟಳು. ರಕ್ತಗೆಂಪು.

"ಊರೆಲ್ಲ ಈ ಬಣ್ಣ ನೋಡಿದೆ ಮೇಷ್ಟ್ರೇ. ಪ್ರಸಾರ ನೋಡಿದ ಆರು ಜನರನ್ನ ನಾನೇ ಕೇಳಿದ್ದೀನಿ. ಆರು ಜನಾನೂ ಕೆಂಪು ಸ್ವೆಟರ್ ಅಂದ್ರು. ಬೂದು ಅಂದೋರು ನೀವೊಬ್ಬರೇ. ಅದು ಬೂದು ಬಣ್ಣಕ್ಕೆ ಕಾಣೋದು ಈ ಹಜಾರದಲ್ಲಿ ಮಾತ್ರ. ದನಿ ಕೇಳಿಸದೇ ಇರೋದೂ ಇಲ್ಲಿ ಮಾತ್ರ."

ಮೇಷ್ಟ್ರ ಕೈ ಕನ್ನಡಕದ ಹತ್ತಿರ ಹೋಗಿ ಅಲ್ಲೇ ನಿಂತಿತು. ಮೇಲ್ವಿಚಾರಕಿ ಅಯ್ಯೋ ಅಂದು ಬಾಯಿಗೆ ಕೈಯಿಟ್ಟುಕೊಂಡಳು.

"ಕೆಂಪಾ?" ಅಂದರು ಮೇಷ್ಟ್ರು ಕೊನೆಗೆ. "ಕೆಂಪು ಅಂತ ನನಗೆ ಗೊತ್ತೇ ಆಗ್ಲಿಲ್ಲ."

"ಈಗ ಗೊತ್ತಾಯ್ತಲ್ಲ. ಎದ್ದೇಳಿ, ನಿಮ್ಮ ಪಟ್ಟಿ ತೆಗೀರಿ."

ಅವರು ಏಳಲಿಲ್ಲ.

"ಯಾರು ಹೇಳಿದ್ರು ತೆಗೆಯೋಕೆ? ಎಷ್ಟು ಕೊಟ್ರು?"

"ಯಾರೂ ಹೇಳ್ಲಿಲ್ಲ ಮೇಡಂ! ಬಿಡಿಗಾಸು ಕೊಟ್ಟೋರಿಲ್ಲ. ಯಾರಾದ್ರೂ ಹೇಳಿದ್ರೆ ಚೆನ್ನಾಗಿರ್ತಿತ್ತು, ಅವರ ಮೇಲೆ ಹಾಕ್ತಿದ್ದೆ. ನಕ್ಷತ್ರದ ಗುರುತು ಬಿದ್ದಿತ್ತು. ದೂರು ಜಾಸ್ತಿ ಬಂದ್ರೆ ನಕ್ಷತ್ರ ಬೀಳುತ್ತೆ. ಅದನ್ನ ಮೂವತ್ತು ಸೆಕೆಂಡಲ್ಲಿ ತೀರ್ಮಾನ ಮಾಡ್ಬೇಕು. ತೆಗೆದ್ರೆ ಒಂದು ಗುಂಡಿ, ಮುಗೀತು. ಇರಲಿ ಅಂದ್ರೆ ಯಾಕೆ ಇರ್ಬೇಕು ಅಂತ ಒಂದು ಪುಟ ಬರೀಬೇಕು. ಬರೆದದ್ದು ಮೇಲಿನೋರಿಗೆ ಸರಿ ಕಾಣ್ಲಿಲ್ಲ ಅಂದ್ರೆ ಒಂದು ಕಪ್ಪು ಗುರುತು. ನನಗಾಗಲೇ ಎರಡು ಬಿದ್ದಿತ್ತು. ಮೂರನೇದಕ್ಕೆ ಮನೆಗೆ ಕಳಿಸ್ತಾರೆ."

"ಅದಕ್ಕೆ ಒತ್ತಿಬಿಟ್ರಿ."

"ನಿಯಮದ ಪ್ರಕಾರ ತಪ್ಪಿಲ್ಲ. ಅವರು ತೋರಿಸ್ತಿದ್ದ ಕಾಗದದಲ್ಲಿ ಜನರ ಹೆಸರು, ಮನೆ ವಿಳಾಸ, ಎಲ್ಲಾ ಇತ್ತು. ಖಾಸಗಿ ವಿವರ ತೋರಿಸ್ಬಾರದು. ಆ ಕಾರಣಾನೇ ಹಾಕ್ದೆ. ನೀವು ಯಾರನ್ನ ಕೇಳಿದ್ರೂ ಸರಿ ಅಂತಾರೆ. ಪತ್ರಿಕೇಲಿದ್ದಾಗ ಒಂದು ಸಾಲು ಕಿತ್ತು ಹಾಕ್ಬೇಕಾದ್ರೆ ಸಂಪಾದಕರ ಮುಂದೆ ನಿಂತು ಯಾಕೆ ಅಂತ ಹೇಳ್ಬೇಕಿತ್ತು. ಇಲ್ಲಿ ಉಳಿಸಿದ್ರೆ ಯಾಕೆ ಅಂತ ಕೇಳ್ತಾರೆ. ತೆಗೆದ್ರೆ ಯಾವ ನರಪಿಳ್ಳೆನೂ ಕೇಳಲ್ಲ."

"ಸುಳ್ಳು ಯಾಕೆ ಹೇಳಿದ್ರಿ? ನಿಯಮದ ಪ್ರಕಾರ ಸರಿ ಇದ್ರೆ ಎದೆ ತಟ್ಟಿ ಹೇಳ್ಬಹುದಿತ್ತು."

ಮೇಷ್ಟ್ರು ಆ ಉಣ್ಣೆಯ ತುಂಡನ್ನು ಬೆರಳ ತುದಿಯಿಂದ ದೂರ ತಳ್ಳಿದರು.

"ಅವರು ಎತ್ತಿ ತೋರಿಸಿದ ಕೊನೇ ಕಾಗದ ನನ್ನ ಹೆಂಡತಿದು. 'ನಾನು ಈ ಊರು ಬಿಟ್ಟು ಹೋಗಿದ್ದೇನೆ, ನನ್ನ ಹೆಸರು ಪಟ್ಟಿಯಿಂದ ತೆಗೆಯಿರಿ' ಅಂತ ಬರೆದಿತ್ತು. ನನ್ನ ಹೆಂಡತಿ ಮೂವತ್ತು ವರ್ಷದಿಂದ ಅದೇ ಮನೇಲಿದ್ದಾಳೆ ಮೇಡಂ, ಬೇರೆ ಬೀದಿಗೂ ಹೋದೋಳಲ್ಲ. ಯಾರೋ ಅವಳ ಹೆಸರಲ್ಲಿ ಬರೆದು ಹಾಕಿದಾರೆ. ಎಲ್ಲಾ ಕಾಗದಾನೂ ಒಂದೇ ಕೈಬರಹ. ಪಟ್ಟೀಲಿ ಹೆಸರಿಲ್ಲ ಅಂತ ಅವಳು ಅತ್ತಾಗ ಕಾಸು ತಗೊಳ್ದೇ ಅರ್ಜಿ ಬರೆದುಕೊಟ್ಟೋರು ಇದೇ ಅರ್ಜಿಯಮ್ಮ. ಅವರು ನನ್ನ ಹೆಂಡತಿ ಪರವಾಗಿ ಮಾತಾಡ್ತಿದ್ರು. ನಾನು ಬಾಯಿ ಮುಚ್ಚಿಸ್ದೆ. ಮನೇಲಿ ಹೇಗೆ ಹೇಳ್ಲಿ? ನಾಲ್ಕು ದಿನದಿಂದ ಅವಳ ಮುಖ ನೋಡಿ ಊಟ ಮಾಡಿಲ್ಲ."

ಇನ್‌ಸ್ಪೆಕ್ಟರ್‌ಗೆ ಆ ಮನುಷ್ಯನ ಮೇಲೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು. ಎರಡಕ್ಕೂ ಈಗ ಪುರುಸೊತ್ತಿರಲಿಲ್ಲ.

"ಮನೇಲಿ ಹೇಳೋ ಮಾತು ಆಮೇಲೆ. ಅರ್ಜಿಯಮ್ಮ ಬದುಕಿದ್ರೆ ಇಬ್ಬರೂ ಸೇರಿ ಅವಳ ಕಾಲು ಹಿಡ್ಕೊಳ್ಳಿ. ಈಗ ಏಳಿ."

ಮೇಷ್ಟ್ರು ಎದ್ದರು.

ಹದಿನಾಲ್ಕನೇ ಕುರ್ಚಿ ಹಜಾರದ ಕೊನೆಯಲ್ಲಿತ್ತು. ಅಲ್ಲಿ ಕೂತಿದ್ದವನನ್ನು ಮೇಲ್ವಿಚಾರಕಿ ಎಬ್ಬಿಸಿದಳು. ಮೇಷ್ಟ್ರು ಎರಡು ಸಲ ಗುಟ್ಟಿನ ಪದ ತಪ್ಪು ಹೊಡೆದರು. ಮೂರನೇ ಸಲ ಪಟ್ಟಿ ತೆರೆಯಿತು. ಗುರುವಾರ ಒಂದೇ ದಿನ ಅವರು ತೀರ್ಮಾನಿಸಿದ್ದು ಸಾವಿರದ ನೂರಾ ಎಂಟು. ಇನ್‌ಸ್ಪೆಕ್ಟರ್ ಗಡಿಯಾರ ನೋಡಿಕೊಂಡಳು. ಮೂರೂ ನಲವತ್ತೊಂಬತ್ತು.

"ಇದೇ," ಅಂದರು ಮೇಷ್ಟ್ರು.

ಮೇಲ್ವಿಚಾರಕಿ ಬಗ್ಗಿ ಆದೇಶದ ಸಂಖ್ಯೆ ಹಾಕಿ, ಅಳಿಸದಂತೆ ತಡೆಹಿಡಿದಳು. ಎಲ್ಲರೂ ಉಸಿರು ಬಿಟ್ಟರು. ದಫೇದಾರ ಮಾತ್ರ ಕೈ ಕಟ್ಟಿಕೊಂಡು ಆರಾಮಾಗಿ ನಿಂತಿದ್ದ.

"ದೂರು ಎಷ್ಟು ಬಂದಿದೆ ಅಲ್ಲಿ?" ಅಂತ ಇನ್‌ಸ್ಪೆಕ್ಟರ್ ಕೇಳಿದಳು.

"ಇನ್ನೂರ ಹನ್ನೆರಡು. ಮೂರು ನಿಮಿಷದಲ್ಲಿ."

"ನೋಡ್ತಿದ್ದೋರು?"

"ಅರವತ್ತಮೂರು."

"ನೋಡಿದ್ದು ಅರವತ್ತಮೂರು ಜನ, ದೂರು ಕೊಟ್ಟಿದ್ದು ಇನ್ನೂರ ಹನ್ನೆರಡು! ಕಣ್ಣಿಲ್ಲದೇ ನೋಡಿದ್ರಾ? ನಿಮ್ಮ ಯಂತ್ರಕ್ಕೆ ಇಷ್ಟು ಸಣ್ಣ ಲೆಕ್ಕ ಬರಲ್ವೇನಮ್ಮ?"

ಮೇಲ್ವಿಚಾರಕಿ ತಲೆ ತಗ್ಗಿಸಿದಳು. "ಎರಡನ್ನೂ ಹೋಲಿಸಿ ನೋಡಿ ಅಂತ ನಮಗೆ ಯಾರೂ ಹೇಳಿಲ್ಲ ಮೇಡಂ." ಆಮೇಲೆ ಹುಬ್ಬು ಗಂಟಿಕ್ಕಿ ಪರದೆಗೆ ಇನ್ನಷ್ಟು ಬಗ್ಗಿದಳು. "ಮೇಷ್ಟ್ರೇ, ಇದು ನಲವತ್ತೇಳು ನಿಮಿಷ ಇದೆ."

"ಹೇಗಾಗುತ್ತೆ? ಏಳಕ್ಕೇ ತೆಗೆದೆ ನಾನು."

"ನೀವು ತೆಗೆದ್ರಿ. ಅವರು ನಿಲ್ಲಿಸಿಲ್ಲ."

"ಬಿಡಿಸಿ ಹೇಳಮ್ಮ," ಅಂದಳು ಇನ್‌ಸ್ಪೆಕ್ಟರ್.

ಮೇಲ್ವಿಚಾರಕಿ ಪರದೆಯ ಮೇಲಿನ ಲೆಕ್ಕಕ್ಕೆ ಬೆರಳಿಟ್ಟಳು. "ನಾವು ತೆಗೆದ್ರೆ ನೋಡೋರಿಗೆ ಮಾತ್ರ ಕಾಣಿಸಲ್ಲ ಮೇಡಂ. ಹಾಕ್ತಿರೋರಿಗೆ ತಕ್ಷಣ ತಿಳಿಯಲ್ಲ. ತಿಳಿದ್ರೆ ಬೇರೆ ಖಾತೆ ತೆರೆದು ಮತ್ತೆ ಶುರು ಹಚ್ಕೋತಾರೆ ಅಂತ ಹೀಗೆ ಮಾಡಿದಾರೆ. ಅವರ ಫೋನಲ್ಲಿ ಪ್ರಸಾರ ನಡೀತಾನೇ ಇರುತ್ತೆ. ನೋಡುಗರ ಲೆಕ್ಕ ಕೊನೇಲಿ ಎಷ್ಟಿತ್ತೋ ಅಷ್ಟೇ ನಿಂತಿರುತ್ತೆ."

ಇನ್‌ಸ್ಪೆಕ್ಟರ್‌ಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ನಲವತ್ತು ನಿಮಿಷ ಆ ಹೆಂಗಸು ಯಾರೂ ಇಲ್ಲದ ಕಡೆ ಮಾತಾಡಿದ್ದಾಳೆ.

"ಬಣ್ಣ ಹಾಕಿ. ದನಿ ಹಾಕಿ. ನಿಲ್ಲಿಸಿದಲ್ಲಿಂದ."

ಪರದೆಯ ಮೇಲೆ ಬೂದು ಬಣ್ಣ ಹೋಗಿ ಹಸಿರು ಗೋಡೆ ಕಂಡಿತು, ಕೆಂಪು ಸ್ವೆಟರ್ ಕಂಡಿತು. ಸಣ್ಣ ದೇಹ, ನೆರೆತ ಮುಂಗೂದಲು, ಹಣೆಯ ಮೇಲೆ ಬೆವರು. ಆಮೇಲೆ ದನಿ ಬಂತು. ಆ ಹಜಾರದ ಪರದೆಗಳಿಂದ ವರ್ಷಗಳ ನಂತರ ಕೇಳಿಬಂದ ಮೊದಲ ಮನುಷ್ಯದನಿ ಅದೇ ಇರಬೇಕು. ಸಾಲು ಸಾಲಾಗಿ ತಲೆಗಳು ತಿರುಗಿದವು.

"...ಬಾಗಿಲು ಹೊರಗಿಂದ ಹಾಕಿದಾರೆ. ಕೆಳಗೆ ಇಬ್ಬರು ನಿಂತಿದಾರೆ, ಕಿಟಕೀಲಿ ಕಾಣ್ತಿದೆ. ನನಗೆ ಭಯ ಇಲ್ಲ ಅಂತ ಹೇಳಲ್ಲ, ಕೈ ನಡುಗ್ತಾ ಇದೆ ನೋಡಿ. ಆದ್ರೆ ಇದು ಓಡ್ತಿರೋವರೆಗೂ ಅವರು ನನ್ನ ಮುಟ್ಟಲ್ಲ. ಅರವತ್ತಮೂರು ಜನ ನೋಡ್ತಿದ್ದೀರಿ. ದಮ್ಮಯ್ಯ, ಯಾರೂ ಎದ್ದು ಹೋಗ್ಬೇಡಿ. ನೀವಿರೋವರೆಗೂ ನಾನಿರ್ತೀನಿ."

ಮೇಷ್ಟ್ರು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು. ಇನ್‌ಸ್ಪೆಕ್ಟರ್ ಅವರ ಕೈಯನ್ನು ಮೆಲ್ಲಗೆ ಕೆಳಗಿಳಿಸಿದಳು. "ಕೇಳಿ. ನಾವೆಲ್ಲ ಕೇಳ್ಬೇಕು."

ಅರ್ಜಿಯಮ್ಮ ಮಾತಾಡುತ್ತಲೇ ಹೋದಳು. ಪರದೆಯನ್ನು ಮುಂದೆ ಮುಂದೆ ಓಡಿಸುತ್ತ ಅಲ್ಲಲ್ಲಿ ನಿಲ್ಲಿಸಿ ಕೇಳಿದರು. ಹತ್ತನೇ ನಿಮಿಷದಲ್ಲಿ ಕಾಗದದ ಕಟ್ಟನ್ನು ಎಣಿಸಿ ತೋರಿಸಿದಳು. ಇಪ್ಪತ್ತನೇ ನಿಮಿಷದಲ್ಲಿ, "ಯಾರಾದ್ರೂ ಒಂದು ಮಾತು ಬರೆದು ಹಾಕ್ರಪ್ಪ, ಒಬ್ಬರೂ ಏನೂ ಬರೀತಿಲ್ಲ, ಬೇಜಾರಾ ನಿಮಗೆ?" ಅಂದು ನಗಲು ನೋಡಿದಳು. ಮೂವತ್ತನೇ ನಿಮಿಷದಲ್ಲಿ, "ಪೊಲೀಸರಿಗೆ ಫೋನ್ ಮಾಡಿ ಅಂದಿದ್ನಲ್ಲ, ಅರವತ್ತಮೂರು ಜನರಲ್ಲಿ ಒಬ್ಬರಾದ್ರೂ ಮಾಡಿರ್ತೀರಿ ಅಲ್ವಾ?" ಅಂದಳು. ಗಂಟಲು ಒಣಗಿತ್ತು. ಆದರೂ ಕಣ್ಣು ಫೋನು ಬಿಟ್ಟು ಆಚೀಚೆ ಸರಿಯಲಿಲ್ಲ.

ಗುರುವಾರ ಠಾಣೆಗೆ ಅಂಥ ಒಂದು ಕರೆಯೂ ಬಂದಿರಲಿಲ್ಲ. ಇನ್‌ಸ್ಪೆಕ್ಟರ್ ಆ ದಿನದ ಪುಸ್ತಕವನ್ನು ಹತ್ತು ಸಲ ತಿರುವಿಹಾಕಿದ್ದಳು.

ನಲವತ್ತೈದನೇ ನಿಮಿಷದಲ್ಲಿ ಹೊರಗಿನ ಚಿಲಕ ಸರಿದ ಸದ್ದಾಯಿತು. ಅರ್ಜಿಯಮ್ಮ ಕಾಗದದ ಕಟ್ಟನ್ನು ಎದೆಗವಚಿಕೊಂಡು ಗೋಡೆಗೆ ಒತ್ತಿ ನಿಂತಳು. ಫೋನು ವಾಲಿತು. ಪರದೆಯಲ್ಲಿ ಬಾಗಿಲ ಕೆಳಗಿನ ಅರ್ಧ ಮಾತ್ರ ಉಳಿಯಿತು. ಬಾಗಿಲು ತೆರೆಯಿತು. ಖಾಕಿ ಪ್ಯಾಂಟು, ಕಂದು ಬೂಟು ಒಳಗೆ ಬಂದವು.

"ಹೆದರ್ಬೇಡಮ್ಮ, ಪೊಲೀಸ್. ನಿನ್ನ ಕರ್ಕೊಂಡು ಹೋಗೋಕೆ ಬಂದಿದ್ದೀನಿ. ಕೆಳಗಿದ್ದೋರನ್ನ ಗದರಿಸಿ ಓಡಿಸಿದ್ದೀನಿ, ಬಾ."

"ಅಬ್ಬಾ!" ಅರ್ಜಿಯಮ್ಮ ಬಿಕ್ಕಿದಳು. ಅಳುವೋ ನಗುವೋ ತಿಳಿಯದ ದನಿ. ಫೋನು ಎತ್ತಿಕೊಂಡಳು, ಪರದೆಯ ತುಂಬ ಅವಳ ಮುಖ ಬಂತು. "ಬಂದ್ರು ನೋಡಿ, ಪೊಲೀಸ್ನೋರು ಬಂದ್ರು! ನಿಮ್ಮಲ್ಲಿ ಯಾರು ಫೋನ್ ಮಾಡಿದ್ರೋ, ಅವರ ಹೊಟ್ಟೆ ತಣ್ಣಗಿರಲಿ. ಇನ್ನೇನೂ ಭಯ ಇಲ್ಲ. ಆಫ್ ಮಾಡ್ತೀನಿ, ಹೋಗಿ ನಿಮ್ಮ ಕೆಲಸ ನೋಡ್ಕೊಳ್ಳಿ. ನಮಸ್ಕಾರ."

ಪರದೆ ಕಪ್ಪಾಯಿತು.

ಆ ದನಿಯನ್ನು ಇನ್‌ಸ್ಪೆಕ್ಟರ್ ಹನ್ನೊಂದು ವರ್ಷದಿಂದ ದಿನಾ ಕೇಳುತ್ತಿದ್ದಳು. ಇನ್ನೊಮ್ಮೆ ಕೇಳಬೇಕಾಗಿರಲಿಲ್ಲ. ಸೊಂಟದ ಪಿಸ್ತೂಲಿನ ಮೇಲೆ ಕೈ ತಾನಾಗಿಯೇ ಹೋಯಿತು. ಮೆಲ್ಲಗೆ ತಿರುಗಿದಳು.

ದಫೇದಾರ ನಗುತ್ತಿದ್ದ. ಕೇಡಿಗನ ನಗೆಯಲ್ಲ. ಮನೆಯ ಗುಟ್ಟನ್ನು ಕಾಪಾಡಿಕೊಂಡು ಬಂದವನ ಹೆಮ್ಮೆಯ ನಗೆ.

"ನೀವು," ಅಂದಳು ಆಕೆ. ಕೈ ಪಿಸ್ತೂಲಿನ ಮೇಲೇ ಇತ್ತು.

"ಹೂಂ ಮೇಡಂ." ಅವನು ಮೇಷ್ಟ್ರನ್ನೂ ಮೇಲ್ವಿಚಾರಕಿಯನ್ನೂ ನೋಡಿ ದನಿ ತಗ್ಗಿಸಿದ. "ಇವರ ಮುಂದೆ ಹೇಳ್ಬಹುದಾ? ಇನ್ನೂ ನಾಟಕ ಮುಂದುವರಿಸ್ಬೇಕಾ?"

"ಯಾವ ನಾಟಕ?"

"ಅದೇ, ಹುಡುಕೋದು." ಅವನ ನಗೆ ಸ್ವಲ್ಪ ಸಡಿಲವಾಯಿತು. "ಗುರುವಾರ ನಿಮ್ಮ ಮೆಸೇಜ್ ಬಂತಲ್ಲ ಮೇಡಂ. ಅರ್ಜಿಯಮ್ಮನಿಗೆ ಅಪಾಯ ಇದೆ, ಈ ವಿಳಾಸಕ್ಕೆ ಹೋಗಿ ಹುಷಾರಾಗಿ ಕರ್ಕೊಂಡು ಬನ್ನಿ, ಠಾಣೆ ಪುಸ್ತಕದಲ್ಲಿ ಬರೀಬೇಡಿ, ಠಾಣೇಲೂ ನಂಬೋ ಹಾಗಿಲ್ಲ ಅಂತ. ಈ ವಿಷಯ ಮತ್ತೆ ನನ್ನ ಹತ್ರಾನೂ ಎತ್ತಬೇಡಿ, ಓದಿ ಅಳಿಸಿಬಿಡಿ ಅಂತಾನೂ ಇತ್ತು. ಅಳಿಸ್ದೆ. ನೀವು ಅವಳನ್ನ ಬಚ್ಚಿಟ್ಟು ಕಾಪಾಡ್ತಿದ್ದೀರಿ, ಹುಡುಕೋದೆಲ್ಲ ಊರಿನೋರ ಕಣ್ಣಿಗೆ ಅಂತ ಸುಮ್ಮನಿದ್ದೆ. ಅವಳ ಅಕ್ಕ ಅಳೋದು ನೋಡಿದಾಗ ಮಾತ್ರ ಬಾಯಿವರೆಗೂ ಬಂದಿತ್ತು."

"ನಾನು ಕಳಿಸಿಲ್ಲ."

"ನಿಮ್ಮ ನಂಬರಿಂದಲೇ ಬಂತು ಮೇಡಂ."

ಗುರುವಾರ ಮಧ್ಯಾಹ್ನದಿಂದ ಸಂಜೆ ಆರರವರೆಗೆ ಆಕೆ ಕೋರ್ಟಿನಲ್ಲಿ ಸಾಕ್ಷಿ ಹೇಳುತ್ತಿದ್ದಳು. ಒಳಗೆ ಫೋನು ಬಿಡುವುದಿಲ್ಲ. ಹೇಗೂ ಬೇಡವಲ್ಲ ಅಂತ ಊಟಕ್ಕೆ ಬಂದಾಗ ಮನೆಯಲ್ಲೇ, ಗಂಡನ ಫೋನಿನ ಪಕ್ಕ, ಚಾರ್ಜಿಗೆ ಹಾಕಿ ಹೋಗಿದ್ದಳು.

ಆಕೆ ಹದಿನಾಲ್ಕನೇ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಈಗ ಕೇಳಲೇಬೇಕಾದ ಒಂದು ಪ್ರಶ್ನೆ ಇತ್ತು. ಕೇಳಬಾರದು ಅಂತ ಮೈಯ ಕಣಕಣವೂ ಕೂಗುತ್ತಿತ್ತು.

"ಅವಳನ್ನ ಎಲ್ಲಿಗೆ ಬಿಡೋಕೆ ಹೇಳಿದ್ದೆ ನಾನು?"

ದಫೇದಾರನ ಮುಖದಲ್ಲಿದ್ದ ನಗೆ ಪೂರ್ತಿ ಆರಿಹೋಯಿತು. ಅವನು ಆಕೆಯ ಕಣ್ಣನ್ನೇ ನೋಡಿದ.

"ನಿಮ್ಮ ಮನೆಗೇ ಅಲ್ವಾ ಮೇಡಂ," ಅಂದ. "ಯಜಮಾನ್ರೇ ಬಾಗಿಲು ತೆಗೆದ್ರು. ಬಾ ತಂಗಿ, ಒಳಗೆ ಬಾ ಅಂದ್ರು. ನನಗೂ ಕುಡಿಯೋಕೆ ನೀರು ಕೊಟ್ರು. ನಿಮ್ಮ ಮನೇಲಿ ಬಿಟ್ಟಿದ್ದೀನಲ್ಲ, ಇನ್ನೇನು ಭಯ ಅಂತ ನಾನು ನೆಮ್ಮದಿಯಾಗಿ ವಾಪಸ್ ಬಂದೆ."